ಗೋಡೆಗೆ ಮೊಳೆ ಹೊಡೆಯಬಾರದು

"ಗೋಡೆ ತಟ್ಟಬೇಡಿ."

ಬಾಡಿಗೆ ಮನೆ ನೋಡಲು ಬಂದವನಿಗೆ ಅವಳು ಆಡಿದ ಮೊದಲ ಮಾತು ಇದು. ಬನ್ನಿ, ಕೂತ್ಕೊಳ್ಳಿ, ನೀರು ಬೇಕಾ... ಊಹೂಂ, ಅದೊಂದೂ ಇಲ್ಲ.

ಅವನು ಮಹಡಿಯ ಖಾಲಿ ಹಜಾರದಲ್ಲಿ ಗೋಡೆಗೆ ಕಿವಿ ಕೊಟ್ಟು ನಿಂತಿದ್ದ. ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದ. ಅವಳ ದನಿಗೆ ಬೆಚ್ಚಿ ತಿರುಗಿದ. ಇಬ್ಬರ ಕಣ್ಣೂ ಕೂಡಿದವು.

'ಇದೇನು, ಗೋಡೆಯ ನಾಡಿ ನೋಡ್ತಿದ್ದಾನಾ...' ಎಂದುಕೊಂಡಳು ಅವಳು.

'ಇಷ್ಟು ಸಿಡುಕು ದನಿಗೆ ಇಷ್ಟು ಮೆತ್ತಗಿನ ಮುಖಾನಾ...' ಎಂದುಕೊಂಡ ಅವನು.

"ಕ್ಷಮಿಸಿ, ಅಭ್ಯಾಸಬಲ," ಎಂದ. "ಯಾವ ಗೋಡೆ ಕಂಡ್ರೂ ಮೊಳೆ ಹಿಡಿಯುತ್ತಾ ಅಂತ ನೋಡ್ಬಿಡ್ತೀನಿ. ಫೋಟೋಗಳಿಗೆ ಕಟ್ಟು ಹಾಕೋ ಅಂಗಡಿ ನಂದು. ಆ ತಿರುವಲ್ಲೇ ಇದೆ."

ಅವಳು ಕೈಯಲ್ಲಿದ್ದ ಕಾಗದವನ್ನು ಮುಂದೆ ಹಿಡಿದಳು. "ಏಳನೇ ಷರತ್ತು ಓದಿ."

ಅವನು ಗಟ್ಟಿಯಾಗಿ ಓದಿದ. "ಗೋಡೆಗೆ ಮೊಳೆ ಹೊಡೆಯಬಾರದು."

ಒಮ್ಮೆ ಕಾಗದ ನೋಡಿದ. ಒಮ್ಮೆ ಬೋಳು ಗೋಡೆಗಳನ್ನು ನೋಡಿದ. "ಮೀನಿಗೆ ನೀರಲ್ಲಿ ಇರು, ಈಜಬೇಡ ಅಂದಂಗಾಯ್ತು ಮೇಡಂ."

"ಹಾಗಾದ್ರೆ ಬೇರೆ ಕೆರೆ ನೋಡ್ಕೊಳ್ಳಿ."

ಅವನು ನಕ್ಕುಬಿಟ್ಟ. ಅವಳಿಗೆ ನಗು ಬರಲಿಲ್ಲ. ಬಂದಿತ್ತು, ತಡೆದಳು.

"ಈಗಿರೋ ಮನೆ ಓನರ್ ನಂಬರ್ ಕೊಡಿ. ವಿಚಾರಿಸಬೇಕು."

"ಕೊಡ್ತೀನಿ. ಅವರು ನನ್ನನ್ನ ಹೊಗಳ್ತಾರೆ, ನಂಬಬೇಡಿ. ಅವರ ಗೋಡೇಲಿ ನಾನು ಹೊಡೆದ ಮೊಳೆ ಮೂವತ್ತೊಂದಿದೆ. ಅದು ಗೊತ್ತಿದ್ದು ಮನೆ ಕೊಡೋದಾದ್ರೆ ಕೊಡಿ."

ಅವಳು ಪೆನ್ನು ಹಿಡಿದ ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಅದುವರೆಗೆ ಮನೆ ನೋಡಲು ಬಂದ ಒಂಬತ್ತು ಮಂದಿಯೂ ತಮ್ಮನ್ನು ತಾವು ಹೊಗಳಿಕೊಂಡು ಹೋಗಿದ್ದರು. ತನ್ನ ಮೇಲೆ ತಾನೇ ಚಾಡಿ ಹೇಳಿಕೊಂಡವನು ಇವನೊಬ್ಬನೇ...

ಅವಳು ಕೆಲಸ ಮಾಡುವುದು ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಬರುವ ಪ್ರತಿಯೊಂದು ರಕ್ತದ ಶೀಶೆಗೂ ಲೇಬಲ್ ಅಂಟಿಸಿ, ಎರಡು ಸಲ ಓದಿ, ಮೂರನೇ ಸಲ ಪಕ್ಕದವರಿಂದ ಓದಿಸಿ ಮುಂದಕ್ಕೆ ಕಳಿಸುವವಳು. ಅಲ್ಲಿ ಎಲ್ಲರೂ ಅವಳನ್ನು ಲೇಬಲ್ ಮೇಡಂ ಎಂದೇ ಕರೆಯುತ್ತಾರೆ. ಮನೆಯಲ್ಲೂ ಅದೇ ಕಥೆ. ಸ್ವಿಚ್ಚಿಗೆ ಲೇಬಲ್, ಬೀಗದ ಕೈಗೆ ಲೇಬಲ್, ಡಬ್ಬಗಳಿಗೆ ಲೇಬಲ್. "ನನ್ನ ಹಣೆಗೊಂದು ಅಂಟಿಸೋದು ಬಾಕಿ," ಎಂದು ಅವಳ ಚಿಕ್ಕಮ್ಮ ದಿನಕ್ಕೊಮ್ಮೆ ಅನ್ನುತ್ತಾರೆ.

ಸುಮ್ಮನೆ ಬಂದ ಚಾಳಿಯಲ್ಲ ಅದು. ಅವಳಪ್ಪ ಇದ್ದೊಂದು ಮನೆಯನ್ನು ಗೆಳೆಯನಿಗೆ ಬಾಡಿಗೆಗೆ ಕೊಟ್ಟಿದ್ದರು. ಪತ್ರವಿಲ್ಲ, ಸಹಿಯಿಲ್ಲ. ನಿನ್ನ ಮಾತೇ ಪತ್ರ ಎಂದಿದ್ದರು. ಆ ಗೆಳೆಯ ಹನ್ನೊಂದು ವರ್ಷ ಕದಲಲಿಲ್ಲ. ಕೊನೆಗೆ 'ಮನೆ ನನಗೇ ಕೊಟ್ಟಿದ್ದಾನೆ' ಎಂದುಬಿಟ್ಟ. ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಅಪ್ಪ ಸವೆದು ಹೋದರು. ಅಂದಿನಿಂದ ಅವಳಿಗೆ ಮಾತಿನ ಮೇಲೆ ನಂಬಿಕೆಯಿಲ್ಲ. ಬರಹವಿರಬೇಕು, ಸಹಿಯಿರಬೇಕು.

ಹತ್ತು ವರ್ಷ ಕೂಡಿಟ್ಟಿದ್ದಕ್ಕೆ ಬ್ಯಾಂಕಿನ ಸಾಲ ಸೇರಿಸಿ ಅವಳು ಈ ಮನೆ ಕೊಂಡಳು. ಹಳೆಯ ಮನೆ. ಕೆಳಗೆ ಹೇಗೋ ಮೇಲೂ ಹಾಗೇ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ. ಅದೇ ಹಜಾರ, ಅದೇ ಕಿಟಕಿ, ಅದೇ ಅಡುಗೆಮನೆ. ಕೆಳಗೆ ತಾನು ಮತ್ತು ಚಿಕ್ಕಮ್ಮ, ಮೇಲೆ ಬಾಡಿಗೆ, ಬಾಡಿಗೆಯಿಂದ ಬ್ಯಾಂಕಿನ ಕಂತು. ಇದು ಅವಳ ಲೆಕ್ಕಾಚಾರ.

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ," ಎಂದಿದ್ದರು ಚಿಕ್ಕಮ್ಮ. "ಮೊದಲನೇದು ಒಂದು ದಾರಿಗೆ ಬಂತು. ಎರಡನೇದು ಯಾವಾಗ ತಾಯಿ?"

"ಮೊದಲು ಬಾಡಿಗೆದಾರ ಸಿಗ್ಲಿ ಚಿಕ್ಕಮ್ಮ. ಗಂಡ ಆಮೇಲೆ."

"ಇಬ್ಬರನ್ನೂ ಒಂದೇ ಸಲ ಹುಡುಕಿದ್ರೆ ಕೆಲಸ ಸಲೀಸು."

ಚಿಕ್ಕಮ್ಮನ ಬಾಯಲ್ಲಿ ಏನು ಬಂದರೂ ಅದಕ್ಕೆ ಕಾಲು ಮೂಡಿ, ಅದು ನಡೆದೇ ತೀರುತ್ತದೆ. ಆದರೆ ಅವಸರ ಬೇಡ.

ಅವಳು ಸುತ್ತಲಿನ ಮೂರು ಬೀದಿ ಅಲೆದು ಬಾಡಿಗೆ ಎಷ್ಟಿದೆ ಎಂದು ವಿಚಾರಿಸಿದ್ದಳು. ರಿಪೇರಿಗೆಂದು ಬೇರೆ ಖಾತೆ ತೆರೆದಿದ್ದಳು. ಪ್ಲಂಬರ್, ಎಲೆಕ್ಟ್ರಿಷಿಯನ್, ಬಣ್ಣದವನು, ಮೂವರ ನಂಬರನ್ನೂ ಬಾಗಿಲ ಹಿಂದೆ ಅಂಟಿಸಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಕೈಗೆ ಬಂದ ದಿನವೇ ಮೇಲಿನ, ಕೆಳಗಿನ ಎಲ್ಲ ಗೋಡೆಗಳ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಎರಡು ಲಕೋಟೆಯಲ್ಲಿಟ್ಟು, ಪ್ರತಿ ಫೋಟೋದ ಬೆನ್ನಿಗೆ ಲೇಬಲ್ ಅಂಟಿಸಿದ್ದಳು. 'ಮೇಲೆ, ಹಜಾರ, ಪೂರ್ವದ ಗೋಡೆ.' ನಾಳೆ ಬಾಡಿಗೆದಾರ ಗೋಡೆ ಹಾಳು ಮಾಡಿದರೆ ಮೊದಲು ಹೇಗಿತ್ತು ಎನ್ನಲು ಸಾಕ್ಷಿ ಬೇಕಲ್ಲ?

ಕೀಲಿ ಕೊಡುವ ದಿನ ಇಪ್ಪತ್ತನಾಲ್ಕು ಫೋಟೋಗಳನ್ನು ಅವನ ಮುಂದೆ ಹರಡಿದಳು. "ಪ್ರತಿಯೊಂದನ್ನೂ ನೋಡಿ, ಹಿಂದೆ ಸಹಿ ಮಾಡಿ."

ಅವನು ಸರಸರನೆ ಇಪ್ಪತ್ತನಾಲ್ಕಕ್ಕೂ ಸಹಿ ಹಾಕಿದ. ಸಹಿ ಹಾಕುವಾಗ ಅವನ ಕಣ್ಣು ಎಲ್ಲಿತ್ತು ಎನ್ನುವುದನ್ನು ಸದ್ಯಕ್ಕೆ ಹಾಗೇ ಬಿಡೋಣ.

ಮೆಟ್ಟಿಲ ಕೆಳಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬವಿತ್ತು. ಅದರ ಮೇಲೆ 'ದುರಸ್ತಿ' ಎಂಬ ಲೇಬಲ್. ಏನೇ ದೂರಿದ್ದರೂ ಚೀಟಿ ಬರೆದು ಅದರಲ್ಲಿ ಹಾಕಬೇಕು, ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇದು ಹನ್ನೆರಡನೇ ಷರತ್ತು.

ಮೊದಲ ಚೀಟಿ ಎರಡೇ ವಾರಕ್ಕೆ ಬಂತು. 'ಅಡುಗೆಮನೆ ನಲ್ಲಿ ಸೋರುತ್ತಿದೆ. ಅವಸರವಿಲ್ಲ.'

ಅವಳಿಗೆ ಅವಸರವಿತ್ತು. ಮನೆ ಯಜಮಾನಿಯಾಗಿ ಇದು ಅವಳ ಮೊದಲ ನಲ್ಲಿ! ಮರುದಿನವೇ ಪ್ಲಂಬರನನ್ನು ಕರೆದುಕೊಂಡು ಮೇಲೆ ಹೋದಳು. ಪ್ಲಂಬರ್ ಹಳೇ ವಾಷರ್ ತೆಗೆದು ಹೊಸದು ಹಾಕಿ ಐದು ನಿಮಿಷದಲ್ಲಿ ಎದ್ದ. ರಾತ್ರಿಯಿಡೀ ಪೈಪೇ ಒಡೆದಿರಬಹುದು ಎಂದು ಹೆದರಿ ಕೂತಿದ್ದವಳಿಗೆ ಹೋದ ಜೀವ ಬಂದಂತಾಯಿತು.

ಆಗ ಅವಳು ಹಜಾರ ನೋಡಿದಳು. ಪೂರ್ವದ ಗೋಡೆಗೆ ಅವನ ಉದ್ದನೆಯ ಕೆಲಸದ ಮೇಜು. ಉಳಿದ ಗೋಡೆಗಳ ಬುಡದಲ್ಲಿ, ನೆಲದ ಮೇಲೆ, ಕಟ್ಟು ಹಾಕಿದ ಚಿತ್ರಗಳು ಸಾಲಾಗಿ ಒರಗಿ ಕೂತಿದ್ದವು, ಪಂಕ್ತಿಯಲ್ಲಿ ಊಟಕ್ಕೆ ಕೂತ ಮಕ್ಕಳ ಹಾಗೆ. ಗೋಡೆಯ ಮೇಲೆ ಮಾತ್ರ ಒಂದೇ ಒಂದು ಮೊಳೆಯಿಲ್ಲ.

'ಪಾಪ...' ಎಂದಿತು ಮನಸ್ಸು. 'ಷರತ್ತು ಷರತ್ತೇ,' ಎಂದು ಅದನ್ನು ಗದರಿಸಿದಳು.

"ಇದ್ಯಾಕೆ ಖಾಲಿ?" ಸಾಲಿನ ಕೊನೆಯಲ್ಲಿ ಚಿತ್ರವಿಲ್ಲದ ಒಂದು ಪುಟ್ಟ ಚೌಕಟ್ಟು ಕಂಡು ಕೇಳಿದಳು.

"ಅದು ನಾನು ಮೊದಲ ಸಲ ಮಾಡಿದ ಫ್ರೇಮು," ಎಂದ ಬಾಡಿಗೆದಾರ. "ಯಾರಿಗೂ ಮಾರಿಲ್ಲ. ನನಗೇ ಅಂತ ಒಂದು ಚಿತ್ರ ಸಿಕ್ಕಿದಾಗ ಹಾಕ್ತೀನಿ."

ಚೀಟಿಗಳು ಬರುತ್ತ ಹೋದವು.

'ಬಚ್ಚಲಿನ ಚಿಲಕ ಸಡಿಲ. ನಾನೇ ಬಿಗಿಮಾಡಬಲ್ಲೆ. ಅಪ್ಪಣೆಯಾಗಬೇಕು.'

'ಚಿಲಕಕ್ಕೆ ಅಪ್ಪಣೆಯಿದೆ. ಮೊಳೆಗೆ ಇಲ್ಲ.'

'ದುರಸ್ತಿ ಏನೂ ಇಲ್ಲ. ಎರಡು ದಿನದಿಂದ ಕೆಳಮನೆಯಲ್ಲಿ ಯಾರೋ ಕೆಮ್ಮುತ್ತಿದ್ದಾರೆ. ಮನೆ ಯಜಮಾನಿಯೇ ಆಗಿದ್ದರೆ ಬಿಸಿನೀರು ಕುಡಿಯತಕ್ಕದ್ದು.'

'ಕೆಮ್ಮು ಬಾಡಿಗೆದಾರರಿಗೆ ಸಂಬಂಧಿಸಿದ ವಿಷಯವಲ್ಲ.' ಅಷ್ಟು ಬರೆದು ಪೆನ್ನು ಮುಚ್ಚಿದಳು. ಮತ್ತೆ ತೆರೆದು ಕೆಳಗೆ ಸೇರಿಸಿದಳು. 'ಕುಡಿದೆ.'

ಐದನೇ ತಿಂಗಳ ಹೊತ್ತಿಗೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಡಬ್ಬ ತೆರೆಯುತ್ತಿದ್ದಳು. ಚೀಟಿ ಇಲ್ಲದ ದಿನ ಚಹಾ ಸಪ್ಪೆ ಎನಿಸುತ್ತಿತ್ತು. ಚಿಕ್ಕಮ್ಮ ಎಲ್ಲ ನೋಡುತ್ತ, ಏನೂ ನೋಡದವರಂತೆ ಪೇಪರ್ ತಿರುವುತ್ತಿದ್ದರು.

"ಮೇಲಿನ ಮನೇಲಿ ದಿನಾ ಅಷ್ಟೊಂದು ಏನು ಕೆಡುತ್ತೆ ಕಣೇ?"

"ಹಳೇ ಮನೆ ಅಲ್ವಾ ಚಿಕ್ಕಮ್ಮ..."

"ಹೂಂ. ಕೆಡ್ತಿರೋದು ಮೇಲಿನ ಮನೇನೋ ಕೆಳಗಿನ ತಲೇನೋ."

ಆರು ತಿಂಗಳಿಗೊಮ್ಮೆ ಮನೆ ಪರಿಶೀಲನೆ ಎಂದು ಕರಾರಿನಲ್ಲಿತ್ತು. ಒಂದು ದಿನ ಮುಂಚೆ ಬರಹದಲ್ಲಿ ತಿಳಿಸಿ, ರಜೆಯ ಬೆಳಗ್ಗೆ ಅವಳು ಫೋಟೋಗಳ ಲಕೋಟೆ ಹಿಡಿದು ಮೇಲೆ ಹೋದಳು. ನಿಜ ಹೇಳಬೇಕೆಂದರೆ ಅಂದು ಅವಳು ತಿಳಿ ಹಸಿರು ಬಟ್ಟೆ ಹಾಕಿದ್ದಳು. ಗೋಡೆ ನೋಡಲು ಯಾರೂ ಅಷ್ಟು ನೀಟಾಗಿ ತಲೆ ಬಾಚಿಕೊಳ್ಳುವುದಿಲ್ಲ.

"ಪೂರ್ತಿ ನೋಡ್ಕೊಳ್ಳಿ," ಎಂದು ಅವನೇ ಮೇಜನ್ನು ಪಕ್ಕಕ್ಕೆ ಎಳೆದ.

ಮೇಜಿನ ಹಿಂದೆ, ಪೂರ್ವದ ಗೋಡೆಯಲ್ಲಿ, ಸಾಲಾಗಿ ನಾಲ್ಕು ತೂತು. ಪುಟ್ಟಿ ಮೆತ್ತಿ ಮುಚ್ಚಿ, ಮೇಲೆ ಬಣ್ಣ ಹಚ್ಚಿದ್ದರೂ ಎದ್ದು ಕಾಣುತ್ತಿದ್ದವು.

ಅವಳು ಬಗ್ಗಿ ನೋಡಿದಳು. ಕೈಯಲ್ಲಿದ್ದ ಫೋಟೋ ತೆಗೆದು ನೋಡಿದಳು. ಫೋಟೋದಲ್ಲಿ ಗೋಡೆ ನುಣ್ಣಗೆ, ಬೆಳ್ಳಗೆ ಇತ್ತು. ಒಂದು ಗೀರೂ ಇಲ್ಲ.

"ಮೊಳೆ ಹೊಡೆದಿದ್ದೀರಿ."

"ಇಲ್ಲ," ಎಂದ ಅವನು. ಬಗ್ಗಿ ಬೆರಳಾಡಿಸಿದ. "ಇದು ಹಳೇದು ಮೇಡಂ. ಯಾವುದೋ ಕಾಲದಲ್ಲಿ ಶೆಲ್ಫ್ ಕಿತ್ತಿದ್ದಾರೆ. ನಾನು ಬರೋಕೆ ಮೊದಲಿಂದ್ಲೂ ಇತ್ತು."

"ಮೊದಲಿಂದ್ಲೂ ಇದ್ರೆ ಫೋಟೋದಲ್ಲಿ ಇರಬೇಕಿತ್ತು. ಇಲ್ಲ." ಅವಳು ಫೋಟೋದ ಬೆನ್ನನ್ನು ಅವನ ಮುಖಕ್ಕೆ ಹಿಡಿದಳು. "ಇದು ಯಾರ ಸಹಿ?"

"ನಂದೇ."

"ನೋಡಿ ತಾನೇ ಹಾಕಿದ್ದು?"

ಅವನ ಕಿವಿಯ ತುದಿ ಕೆಂಪಾಯಿತು. "ನೋಡಿರಲಿಲ್ಲ."

"ಯಾಕೆ?"

ಅವನು ಮೇಜಿನ ಅಂಚನ್ನು ಒರೆಸತೊಡಗಿದ.

"ದಿನಾ ಫೋಟೋಗಳ ಮಧ್ಯೆ ಬದುಕೋರು ನೀವು. ನೋಡದೆ ಇಪ್ಪತ್ತನಾಲ್ಕು ಸಹಿ ಹಾಕಿದೆ ಅಂದ್ರೆ ನಾನು ನಂಬಬೇಕಾ? ಯಾಕೆ ನೋಡ್ಲಿಲ್ಲ, ಅದನ್ನಾದ್ರೂ ಹೇಳಿ."

"ಅದನ್ನ ಈಗ ಹೇಳೋಕಾಗಲ್ಲ."

ಅವಳಿಗೆ ನೋವಾದದ್ದು ತೂತಿಗಲ್ಲ. ತೂತು ಮುಚ್ಚಲು ಒಂದು ಹಿಡಿ ಪುಟ್ಟಿ ಸಾಕು. 'ಹೊಡೆದೆ, ತಪ್ಪಾಯ್ತು' ಎಂದಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಮೂವತ್ತೊಂದು ಮೊಳೆಯನ್ನು ತಾನಾಗಿ ಒಪ್ಪಿಕೊಂಡವನು ನಾಲ್ಕಕ್ಕೆ ಸುಳ್ಳು ಹೇಳಿದನಲ್ಲ! ಅಪ್ಪನ ಗೆಳೆಯನೂ ಹೀಗೇ ಅಲ್ಲವೇ, ನಗುನಗುತ್ತ ಚಹಾ ಕುಡಿದು...

ಸಂಜೆ ಡಬ್ಬದಲ್ಲಿ ಅವಳೇ ಒಂದು ಕಾಗದ ಹಾಕಿದಳು. ಏಳನೇ ಷರತ್ತು ಮುರಿದಿದ್ದಕ್ಕೆ ಮೂವತ್ತು ದಿನದೊಳಗೆ ಮನೆ ಖಾಲಿ ಮಾಡಬೇಕು. ಸಹಿ, ದಿನಾಂಕ.

ಮರುದಿನ ಉತ್ತರ ಬಂತು. 'ಆಗಲಿ. ನಲ್ಲಿ ಸೋರುತ್ತಿಲ್ಲ. ಬಿಸಿನೀರು ಕುಡಿಯುವುದನ್ನು ಬಿಡಬೇಡಿ.'

ಅವಳು ಅದನ್ನು ಓದಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ," ಚಿಕ್ಕಮ್ಮ ಬಾಗಿಲಿಂದ ಅಂದರು. "ಆ ಹುಡುಗನ ಮುಖದಲ್ಲಿ ನನಗೆ ಸುಳ್ಳು ಕಾಣಿಸಲ್ಲ ಕಣೇ."

"ಮುಖ ನೋಡಿಯೇ ಅಪ್ಪ ಮನೆ ಕಳ್ಕೊಂಡಿದ್ದು ಚಿಕ್ಕಮ್ಮ."

ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು.

'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಮತ್ತೆ ಗೇಟಿಗೆ ಬಂತು. ಅವಳು ದಾರ ಕಟ್ಟಿ ನೇತುಹಾಕಿದ್ದು ಸೊಟ್ಟಗಿತ್ತು. ಮರುದಿನ ಬೆಳಗ್ಗೆ ನೋಡಿದರೆ ನೆಟ್ಟಗಾಗಿತ್ತು. ಯಾರು ಸರಿಮಾಡಿದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ತನ್ನನ್ನು ಮನೆ ಬಿಡಿಸುವ ಬೋರ್ಡು ಸೊಟ್ಟಗಿದ್ದರೂ ಸಹಿಸದ ಮನುಷ್ಯ... ಅವಳಿಗೆ ಸಿಟ್ಟು ಬಂತು, ಅಳುವೂ ಬಂತು.

ಮನೆ ನೋಡಲು ಜನ ಬಂದರು. ಒಬ್ಬರಿಗೆ ಮೆಟ್ಟಿಲು ಜಾಸ್ತಿ, ಒಬ್ಬರಿಗೆ ಗಾಳಿ ಕಮ್ಮಿ. ಎಲ್ಲ ಸರಿಯಿದೆ ಎಂದವರಿಗೆ ಇವಳೇ, "ಮೇಲಿನ ನಲ್ಲಿ ಒಂದೊಂದ್ಸಲ ಸೋರುತ್ತೆ," ಎಂದು ಹೇಳಿ ಕಳಿಸಿದಳು. ಮನೆ ಬಾಡಿಗೆಗೆ ಕೊಡುವವರು ಹೀಗೆ ಮಾಡಿದರೆ ಉದ್ಧಾರವಾದ ಹಾಗೇ.

ಹದಿನೆಂಟನೇ ದಿನ ಬೆಳಗ್ಗೆ ಗೇಟಿನ ಮುಂದೆ ಸಾಮಾನು ಸಾಗಿಸುವ ಗಾಡಿ ನಿಂತಿತ್ತು. ಇನ್ನೂ ಹನ್ನೆರಡು ದಿನವಿದೆ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಸ್ಕೂಟರ್ ಹತ್ತಿ ಕೆಲಸಕ್ಕೆ ಹೊರಟುಬಿಟ್ಟಳು. ಚೀಲದಲ್ಲಿ ಫೋಟೋಗಳ ಎರಡೂ ಲಕೋಟೆಗಳಿದ್ದವು. ಸಂಜೆ ಕೀಲಿ ವಾಪಸು ಪಡೆಯುವಾಗ ಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಎರಡು ವರದಿ ಹಿಡಿದು ಬಂದಳು.

"ಮೇಡಂ, ಅವಳಿ ಜವಳಿ ಅಕ್ಕತಂಗಿ. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ, ತಂಗಿಗೆ ಇಲ್ಲ. ಆದ್ರೆ ರಿಪೋರ್ಟಲ್ಲಿ ಉಲ್ಟಾ ಬಂದಿದೆ. ತಂಗಿ ಏನೋ ಮುಚ್ಚಿಡ್ತಿದ್ದಾರೆ ಅನ್ಸುತ್ತೆ."

ಅವಳು ತಲೆಯೆತ್ತದೆ ವರ್ಷಗಳಿಂದ ಹೇಳಿಕೊಟ್ಟ ಪಾಠವನ್ನೇ ಹೇಳಿದಳು. "ರಿಪೋರ್ಟ್ ವಿಚಿತ್ರ ಅನ್ನಿಸಿದ್ರೆ ಮೊದಲು ರೋಗೀನ ಅನುಮಾನಿಸಬಾರದು. ಲೇಬಲ್ ಅನುಮಾನಿಸಬೇಕು. ಅವಳಿ ಅಂದ್ರೆ ಶೀಶೆ ಅದಲುಬದಲಾಗಿರುತ್ತೆ. ಹೋಗಿ ನೋ..."

ಮಾತು ಅಲ್ಲೇ ನಿಂತಿತು.

ಅವಳಿ. ಕೆಳಗೆ ಹೇಗೋ ಮೇಲೂ ಹಾಗೇ.

ಅವಳು ಚೀಲ ಬಿಚ್ಚಿ ಆ ಫೋಟೋ ತೆಗೆದಳು. 'ಮೇಲೆ, ಹಜಾರ, ಪೂರ್ವದ ಗೋಡೆ.' ಈ ಸಲ ಗೋಡೆ ನೋಡಲಿಲ್ಲ. ಫೋಟೋದ ಅಂಚಿನಲ್ಲಿ ಅರ್ಧ ಕಾಣುವ ಕಿಟಕಿ ನೋಡಿದಳು. ಕಿಟಕಿಯಾಚೆ ಏನೋ ಹೊಳೆಯುತ್ತಿತ್ತು. ಕಣ್ಣಿಗೆ ಹತ್ತಿರ ಹಿಡಿದಳು.

ಸ್ಕೂಟರಿನ ಕನ್ನಡಿ. ಅವಳದೇ ಸ್ಕೂಟರು. ಕನ್ನಡಿಗೆ ಅವಳೇ ಸುತ್ತಿದ ಹಳದಿ ಟೇಪು.

ಮಹಡಿಯ ಕಿಟಕಿಯಾಚೆ ಸ್ಕೂಟರು ಹೇಗೆ ನಿಲ್ಲುತ್ತದೆ?

'ಕೆಳಗೆ' ಎಂದು ಬರೆದ ಇನ್ನೊಂದು ಲಕೋಟೆ ಹರಿದಳು. ಅದರಲ್ಲಿ ಇನ್ನೊಂದು ಪೂರ್ವದ ಗೋಡೆ. ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟ್ಯಾಂಕು, ಅದರ ಹಿಂದೆ ಆಕಾಶ. ಗೋಡೆಯ ಮೇಲೆ ಸಾಲಾಗಿ, ಪುಟ್ಟಿ ಮೆತ್ತಿದ ನಾಲ್ಕು ತೂತು.

ಎರಡು ಲಕೋಟೆಗಳ ಲೇಬಲ್ ಅವಳೇ ಅದಲುಬದಲು ಮಾಡಿದ್ದಳು! ಊರಿಗೆಲ್ಲ ಪಾಠ ಹೇಳುವ ಲೇಬಲ್ ಮೇಡಂ!

ನಾಚಿಕೆಯಿಂದ ಮುಖ ಬಿಸಿಯೇರಿತು. ಆದರೆ ಅದರ ಹಿಂದೆಯೇ, ಎದೆಯ ಮೇಲೆ ಹದಿನೆಂಟು ದಿನದಿಂದ ಕೂತಿದ್ದ ಕಲ್ಲು ಯಾರೋ ಎತ್ತಿ ಇಳಿಸಿದಂತಾಯಿತು. ಅವನು ಸುಳ್ಳು ಹೇಳಿರಲಿಲ್ಲ. ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಅವಳು ಅಲ್ಲೇ ಕುರ್ಚಿಯಲ್ಲಿ ಕೂತು ಅಳುತ್ತ ನಕ್ಕಳು.

"ಮೇಡಂ... ಏನಾಯ್ತು?"

"ಏನಿಲ್ಲ ಕಣಮ್ಮ. ಲೇಬಲ್ ತಪ್ಪಾಗಿತ್ತು. ನಾನು ಅರ್ಧ ದಿನ ರಜ."

ದಾರಿಯುದ್ದಕ್ಕೂ ಒಂದೇ ಧ್ಯಾನ. 'ಗಾಡಿ ಹೋಗಿರದಿರಲಿ... ಹೋಗಿರದಿರಲಿ...'

ಗಾಡಿ ಹೋಗಿರಲಿಲ್ಲ. ಸಾಮಾನು ತುಂಬಿ ನಿಂತಿತ್ತು. ಆದರೆ ಗಾಡಿ ಗೇಟಿನ ಒಳಗಿತ್ತು, ಗೇಟಿಗೆ ಬೀಗ ಬಿದ್ದಿತ್ತು. ಗಾಡಿಯವನು ಗೊಣಗುತ್ತಿದ್ದ. ಬಾಡಿಗೆದಾರ ಕೈಯಲ್ಲಿ ಪುಟ್ಟ ಖಾಲಿ ಚೌಕಟ್ಟು ಹಿಡಿದು ನಿಂತಿದ್ದ. ಚಿಕ್ಕಮ್ಮ ಮೆಟ್ಟಿಲ ಮೇಲೆ ಕೂತು ಸಾವಕಾಶವಾಗಿ ಕಾಲು ನೀವಿಕೊಳ್ಳುತ್ತಿದ್ದರು.

"ಬೀಗದ ಕೈ ಎಲ್ಲಿಟ್ಟೆನೋ ನೆನಪೇ ಆಗ್ತಿಲ್ಲ ಕಣಪ್ಪ. ವಯಸ್ಸಾಯ್ತು ನೋಡು. ಎರಡು ಗಂಟೆಯಿಂದ ಹುಡುಕ್ತಿದ್ದೀನಿ."

ಪ್ರತಿಯೊಂದು ಕೀಲಿಗೂ ಲೇಬಲ್ ಅಂಟಿಸಿ ಮೊಳೆಹಲಗೆಯಲ್ಲಿ ತೂಗುಹಾಕಿದ ಮನೆಯಲ್ಲಿ!

"ಚಿಕ್ಕಮ್ಮ," ಎಂದಳು ಅವಳು ಗೇಟಿನಾಚೆಯಿಂದ.

"ಬಂದೆಯಾ? ಅರೆ, ಇಲ್ಲೇ ಸೊಂಟದಲ್ಲೇ ಇತ್ತಲ್ಲ," ಎಂದು ಅವರು ಎದ್ದು ಬೀಗ ತೆಗೆದರು. "ಒಲೆ ಮೇಲೆ ಏನೋ ಇಟ್ಟಿದ್ದೆ," ಎನ್ನುತ್ತ ಒಳಗೆ ಹೋದರು. ಒಲೆ ಹೊತ್ತಿಸಿರಲೇ ಇಲ್ಲ.

ಅವಳು ಅವನೆದುರು ನಿಂತಳು. ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಕರಗಿಹೋಗಿದ್ದವು. ಸುಮ್ಮನೆ ಎರಡು ಫೋಟೋಗಳನ್ನು ಮುಂದೆ ಹಿಡಿದಳು.

ಈ ಸಲ ಅವನು ನೋಡಿದ. ಫೋಟೋ ನೋಡುವುದೇ ಕಸುಬಾದವನಿಗೆ ಎರಡು ಕ್ಷಣವೂ ಬೇಕಾಗಲಿಲ್ಲ.

"ಇದು ಕೆಳಮನೆ. ಸ್ಕೂಟರ್ ಕಾಣ್ತಿದೆ."

"ಹೂಂ."

"ಅದಲುಬದಲಾಗಿದೆ."

"ನಾನೇ ಮಾಡಿದ್ದು." ಅವಳು ಚೀಲದಿಂದ ಪೆನ್ನು ತೆಗೆದು, ಫೋಟೋದ ಬೆನ್ನಿಗೆ, ಅವನ ಸಹಿಯ ಕೆಳಗೆ ಬರೆದಳು. 'ತಪ್ಪು ಪೂರ್ತಿ ನನ್ನದು. ನೀವು ಹೇಳಿದ್ದೆಲ್ಲ ನಿಜ.' ಸಹಿ ಹಾಕಿದಳು. ದಿನಾಂಕವನ್ನೂ ಹಾಕಿದಳು. "ಬಾಯಿಮಾತು ಲೆಕ್ಕಕ್ಕಿಲ್ಲ ಅಂತ ನಾನೇ ಹೇಳಿದ್ದೆ. ಅದಕ್ಕೇ ಬರೆದುಕೊಟ್ಟೆ. ಆದ್ರೂ ಬಾಯಲ್ಲೂ ಹೇಳ್ತೀನಿ. ನನ್ನನ್ನ ಕ್ಷಮಿಸಿ."

ಅವನು ಆ ಬರಹವನ್ನು ಓದಿದ. ಮತ್ತೊಮ್ಮೆ ಓದಿದ. ಅವನ ಭುಜಗಳು ಸಡಿಲವಾದದ್ದು ಅವಳಿಗೆ ಕಂಡಿತು.

"ಅಬ್ಬಾ..." ಎಂದ. "ನೀವು ನನ್ನನ್ನ ಸುಳ್ಳ ಅಂದ್ಕೊಂಡೇ ಇರ್ತೀರಲ್ಲಾ ಅನ್ನೋದೊಂದೇ ಸಂಕಟ ಆಗಿತ್ತು. ಮನೆ ಬಿಡೋದಲ್ಲ."

"ಒಂದು ಕೇಳ್ಲಾ?" ಅವಳು ತಲೆಯೆತ್ತಿದಳು. "ಅವತ್ತು ಫೋಟೋಗಳನ್ನ ನೋಡಿದ್ರೆ ನಿಮಗೆ ಆಗಲೇ ಗೊತ್ತಾಗ್ತಿತ್ತು. ಯಾಕೆ ನೋಡ್ಲಿಲ್ಲ?"

ಮತ್ತೆ ಕಿವಿ ಕೆಂಪಾಯಿತು. ಗಾಡಿಯವನು ಆಕಾಶ ನೋಡತೊಡಗಿದ.

"ಫೋಟೋ ತೋರಿಸೋವಾಗ ನೀವು ಒಂದೊಂದು ಗೋಡೆ ಬಗ್ಗೆಯೂ ಹೇಳ್ತಿದ್ರಿ. ಈ ಕಿಟಕೀಲಿ ಬೆಳಗ್ಗೆ ಬಿಸಿಲು ಬರುತ್ತೆ, ಈ ಮೂಲೇಲಿ ಕೂತ್ರೆ ತಂಪು ಅಂತ. ಹತ್ತು ವರ್ಷದ ದುಡಿಮೆ ಅಂತ ಹೇಳೋವಾಗ ಒಂದೇ ಒಂದ್ಸಲ ನಕ್ಕಿದ್ರಿ." ಅವನು ಚೌಕಟ್ಟನ್ನು ಕೈಯಿಂದ ಕೈಗೆ ಬದಲಿಸಿದ. "ದಿನಾ ನೂರು ಫೋಟೋ ನೋಡೋನು ನಾನು. ಅವತ್ತು ಇಪ್ಪತ್ತನಾಲ್ಕರಲ್ಲಿ ಒಂದನ್ನೂ ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಾ ಸಹಿ ಹಾಕ್ತಾ ಹೋದೆ."

"ಅದನ್ನ ಆವಾಗಲೇ ಹೇಳಬಹುದಿತ್ತಲ್ಲ..."

"ಸಿಕ್ಕಿಬಿದ್ದವನ ಹಾಗೆ ನಿಂತ್ಕೊಂಡು ಆ ಮಾತು ಹೇಳಿದ್ರೆ ತಪ್ಪಿಸಿಕೊಳ್ಳೋಕೆ ಹೇಳಿದಂಗಾಗ್ತಿತ್ತು. ನನ್ನ ಹತ್ರ ಇದ್ದಿದ್ದು ಅದೊಂದೇ ಒಳ್ಳೇ ಮಾತು. ನಾಲ್ಕು ತೂತು ಮುಚ್ಚೋಕೆ ಅದನ್ನ ಖರ್ಚು ಮಾಡೋಕೆ ಮನಸ್ಸು ಬರ್ಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಆರು ತಿಂಗಳ ಚೀಟಿಗಳನ್ನೆಲ್ಲ ಅವಳು ಒಂದು ಡಬ್ಬದಲ್ಲಿ ಜೋಪಾನವಾಗಿಟ್ಟಿದ್ದಳು. ಮನೆಯಲ್ಲಿ ಲೇಬಲ್ ಇಲ್ಲದ ಡಬ್ಬ ಅದೊಂದೇ. ಏನೆಂದು ಬರೆಯಬೇಕೋ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು.

"ನನಗೂ... ಚೀಟಿ ಇಲ್ಲದ ದಿನ ಮನಸ್ಸಿಗೆ ಏನೂ ರುಚಿಸ್ತಿರಲಿಲ್ಲ," ಎಂದಳು ಮೆಲ್ಲಗೆ. "ನೀವಂದ್ರೆ ನನಗೆ ಇಷ್ಟ. ಇದನ್ನೂ ಬೇಕಾದ್ರೆ ಬರೆದುಕೊಡ್ತೀನಿ."

"ಬೇಡ. ಈ ಒಂದು ಬಾಯಿಮಾತಲ್ಲೇ ಇರ್ಲಿ."

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಗಾಡಿಯವನಿಗೆ ಸಾಮಾನು ಇಳಿಸೋಕೆ ಹೇಳ್ಲಾ, ಇಲ್ಲಾ ಅದಕ್ಕೂ ಚೀಟಿ ಹಾಕಬೇಕಾ?"

ಸಾಮಾನು ಇಳಿಯಿತು. ಬೋರ್ಡೂ ಇಳಿಯಿತು. ಸಂಜೆಯ ಬಿಸಿಲು ಮಹಡಿಯ ಹಜಾರಕ್ಕೆ ಬರುವ ಹೊತ್ತಿಗೆ ಅವಳು ಸುತ್ತಿಗೆ ಮತ್ತು ಒಂದೇ ಒಂದು ಮೊಳೆ ಹಿಡಿದು ಮೆಟ್ಟಿಲು ಹತ್ತಿದಳು.

"ಏಳನೇ ಷರತ್ತು?" ಎಂದು ಹುಬ್ಬೇರಿಸಿದ ಅವನು.

"ಹೊಡೆದುಹಾಕಿದ್ದೀನಿ. ಪಕ್ಕದಲ್ಲಿ ಸಹಿನೂ ಮಾಡಿದ್ದೀನಿ. ಎಲ್ಲಿ ಹಿಡಿಯುತ್ತೆ ನೋಡಿ."

ಅವನು ಪೂರ್ವದ ಗೋಡೆಗೆ ಕಿವಿ ಕೊಟ್ಟು ಗೆಣ್ಣಿನಿಂದ ತಟ್ಟಿದ. ಟಕ್ ಟಕ್. ಈ ಸಲ ಯಾರೂ ಬೇಡವೆನ್ನಲಿಲ್ಲ. ಒಂದು ಕಡೆ ನಿಂತು, "ಇಲ್ಲಿ ಗಟ್ಟಿ," ಎಂದ. ಮೊಳೆಯನ್ನು ಅವನು ಹಿಡಿದುಕೊಂಡ. ಸುತ್ತಿಗೆ ಅವಳ ಕೈಯಲ್ಲೇ ಉಳಿಯಿತು. ಮೊದಲ ಏಟು ಹೆದರಿಕೊಂಡು ಬಿತ್ತು. ಎರಡನೆಯದು ಸರಿಯಾಗಿ ಬಿತ್ತು.

ಪುಟ್ಟ ಚೌಕಟ್ಟಿನಲ್ಲಿ ಅಷ್ಟರಲ್ಲಿ ಒಂದು ಚಿತ್ರ ಕೂತಿತ್ತು. ಬೆಳ್ಳನೆಯ ಗೋಡೆ, ಅರ್ಧ ಕಿಟಕಿ, ಕಿಟಕಿಯಾಚೆ ಹಳದಿ ಟೇಪು ಸುತ್ತಿದ ಸ್ಕೂಟರಿನ ಕನ್ನಡಿ.

"ಇದಕ್ಕಾ ಇಷ್ಟು ದಿನ ಖಾಲಿ ಇಟ್ಟಿದ್ದು?" ಅವಳಿಗೆ ನಗು ತಡೆಯಲಾಗಲಿಲ್ಲ. ಈ ಸಲ ತಡೆಯಲೂ ಇಲ್ಲ.

"ಲೇಬಲ್ ಮೇಡಂ ಮಾಡಿದ ಒಂದೇ ಒಂದು ತಪ್ಪು. ಹಿಂದೆ ಇಬ್ಬರ ಸಹಿಯೂ ಇದೆ. ಇದಕ್ಕಿಂತ ಒಳ್ಳೇ ಚಿತ್ರ ಎಲ್ಲಿ ಸಿಗುತ್ತೆ?"

ಅವನು ಚಿತ್ರ ತೂಗುಹಾಕಿ ಹಿಂದೆ ಸರಿದು ಅವಳ ಪಕ್ಕದಲ್ಲಿ ನಿಂತ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿದುಕೊಳ್ಳಲಿಲ್ಲ.

"ಮನೆ ಬಿಡೋವಾಗ ಈ ತೂತು ಮುಚ್ಚಿ ಕೊಡಬೇಕು," ಎಂದಳು ಅವಳು, ಯಜಮಾನಿಯ ಗತ್ತಿನಲ್ಲಿ. "ಹದಿನೆಂಟನೇ ಷರತ್ತು."

"ಬಿಡೋರ್ಯಾರು?" ಎಂದ ಅವನು.